ನಲವತ್ತೇಳನೇ ಕಪಾಟು

ಔಲು ಪಟ್ಟಣದ ಹಳೇ ಸಾಮಾನಿನ ಅಂಗಡಿಯಲ್ಲಿ
ವಾರಕ್ಕಿಷ್ಟು ಎಂದು ಬಾಡಿಗೆ ಕೊಟ್ಟರೆ
ಒಂದು ಕಪಾಟು ನಿಮ್ಮದು.
ಬೇಡವಾದದ್ದನ್ನು ತಂದಿಡಿ, ಬೆಲೆಚೀಟಿ ನೀವೇ ಬರೆಯಿರಿ,
ಮಾರುವ ಕೆಲಸ ಅವರದು.
ನನ್ನದು ನಲವತ್ತೇಳು.
ಕಿಟಕಿಯ ಪಕ್ಕ, ಮಕ್ಕಳ ಸ್ಕೇಟುಗಳ ಎದುರು.

ಇಟ್ಟಿದ್ದೇನೆ:
ಜೇನುಗೂಡಿಗೆ ಹೊಗೆ ಹಾಕುವ ತಿದಿ
(ಜೇನಿಲ್ಲ. ನನ್ನದು ನಾಲ್ಕನೇ ಮಹಡಿ),
ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆವ ಬೈರಿಗೆ
(ಮೀನಿನ ವಾಸನೆ ನನಗಾಗದು),
ಮೂರು ವಾಫಲ್ ಕಾವಲಿ, ಮೂರೂ ಒಂದೇ ತರದವು,
ಮೊದಲಿನದು ಮನೆಯಲ್ಲಿರುವ ಸುದ್ದಿ
ಎರಡನೆಯದಕ್ಕೆ ಗೊತ್ತಿರಲಿಲ್ಲ.
ಪುಸ್ತಕ ಹೊಲಿಯುವ ಸೂಜಿ, ಮೇಣ ಸವರಿದ ದಾರ.
ಒಂದು ಭಾನುವಾರದ ಮಟ್ಟಿಗೆ
ನಾನು ಪುಸ್ತಕ ಕಟ್ಟುವವಳಾಗಿದ್ದೆ.

ನಲವತ್ತೊಂದಕ್ಕೆ ಡಾಕ್ಟರು ಹೆಸರಿಟ್ಟರು: ಎಡಿಎಚ್‌ಡಿ.
ನಾಮಕರಣ ತುಸು ತಡವಾಯಿತು.
ಅಲ್ಲಿಯತನಕ ಎಲ್ಲರೂ ಅದನ್ನು
ಹಿಲ್ಕಾ ಎಂದೇ ಕರೆಯುತ್ತಿದ್ದರು.

ಬಸ್ಸು ಓಡಿಸುತ್ತೇನೆ ನಾನು. ಒಂಬತ್ತನೇ ನಂಬರು.
ಕನ್ನಡಿ, ಮಂಜು, ಸೈಕಲ್ಲಿನ ಹುಡುಗ, ಮತ್ತೆ ಕನ್ನಡಿ,
ಎಲ್ಲ ಒಟ್ಟಿಗೆ ಕೂಗಿದಾಗಲೇ ನನ್ನ ತಲೆಯೊಳಗೆ ಸದ್ದಿಲ್ಲ.
ಇಳಿದ ಮೇಲೆ ಕಷ್ಟ.
ಎರಡು ಗಂಟೆಗೇ ಮುಗಿದುಹೋದ ಡಿಸೆಂಬರ್ ಹಗಲು,
ನಾಲ್ಕಕ್ಕೆ ಇಳಿಯುವ ಮಾತ್ರೆಯ ಕಾವು,
ಬೀದಿಯಲ್ಲಿ ಬೆಳಗುತ್ತಿರುವುದು ಅಂಗಡಿಗಳು ಮಾತ್ರ,
ಗಾಜಿನಾಚೆ ಯಾವುದೋ ಒಂದು
ಹೆಸರು ಹಿಡಿದು ಕರೆಯುತ್ತದೆ, ಹೆತ್ತವಳ ಹಾಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಕಾಲು ಮಲಗಿದ್ದರೆ ತಾನೆ.

ನರ್ಸ್ ರಾಕೆಲ್ ಕಲಿಸಿದ್ದು ಇಷ್ಟು:
ಕೊಳ್ಳಬೇಡ ಅಂತ ಬೈದುಕೊಳ್ಳಬೇಡ.
ಒಂದು ಫೋಟೋ ತೆಗೆ. ಮೂರು ರಾತ್ರಿ ಕಳೆಯಲಿ.
ಫೋನಿನಲ್ಲೀಗ ಆರುನೂರ ಹನ್ನೆರಡು ಫೋಟೋ.
ಮೂರನೇ ರಾತ್ರಿ ದಾಟಿದ್ದು ಒಂಬತ್ತೋ ಹತ್ತೋ.
ಮಿಕ್ಕವು ಯಾರದೋ ಮದುವೆಯ ಚಿತ್ರಗಳಂತೆ:
ಇವರೆಲ್ಲ ಯಾರು, ನಾನೇಕೆ ಹೋಗಿದ್ದೆ?

ಕಾರ್ಡು ಅಕ್ಕ ಟುಯಿರೆಯ ಬೀರುವಿನಲ್ಲಿದೆ.
ನನ್ನ ಪರ್ಸಿಗೆ ವಾರಕ್ಕೊಂದು ಇಪ್ಪತ್ತರ ನೋಟು.
ಕೊಡುವಾಗ ಒಮ್ಮೆ, ಮುಖ ನೋಡದೆ, ಕೇಳಿದಳು:
ಅವಮಾನ ಅನ್ನಿಸೋದಿಲ್ವಾ?
ಅನ್ನಿಸುತ್ತೆ, ಅಕ್ಕಾ. ಕನ್ನಡಕವೂ ಹಾಗೆ ಅನ್ನಿಸಿತ್ತು,
ಹಾಕಿಕೊಂಡ ಮೊದಲ ವಾರ.

ಮೊನ್ನೆ ಗುರುವಾರ ಬೆಲೆ ಇಳಿಸಲೆಂದು ಹೋದೆ.
ಮೂವತ್ತೆರಡರಲ್ಲಿ ತಾಮ್ರದ ದೀಪ, ಮೂವತ್ತೊಂಬತ್ತರಲ್ಲಿ ಕೆಂಪು ಕೈಗವಸು.
ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟಂತೆ
ಒಂದೊಂದಕ್ಕೂ ಫೋಟೋ ತೆಗೆದು ದಾಟಿದೆ.
ಆಗ ಕಂಡಿತು.
ಪುಟ್ಟದೊಂದು ನೀಲಿ ಅಕಾರ್ಡಿಯನ್,
ಒಂದೇ ಒಂದು ಗುಂಡಿ ಬೇರೆ ಬಣ್ಣದ್ದು.

ಎದೆಯಲ್ಲಿ ಬಸ್ಸಿನ ಬಾಗಿಲು ಉಸ್ಸೆಂದು ತೆರೆಯಿತು.
ಇದನ್ನು ಬಿಟ್ಟುಕೊಟ್ಟವರು ಯಾರಪ್ಪಾ, ಎಂಥ ಕಲ್ಲೆದೆ!
ನಾನು ಕಲಿಯುತ್ತೇನೆ. ಬೇಸಿಗೆಗೆ ಪಾಠ.
ಅಕ್ಕನ ಐವತ್ತನೇ ಹುಟ್ಟುಹಬ್ಬಕ್ಕೆ ಒಂದು ವಾಲ್ಟ್ಸ್.
ಹದಿನೆಂಟು ಯೂರೋ. ಪರ್ಸಿನಲ್ಲಿ ಇಪ್ಪತ್ತು.
ನೋಟು ಆಗಲೇ ಬೆರಳ ನಡುವೆ.

ಚೀಟಿಯನ್ನು ಬೆಳಕಿಗೆ ಹಿಡಿದೆ.
ಬಾಲ ಎಳೆದ ಒಂದು, ಸೊಂಟ ಬಿಗಿದ ಎಂಟು.
ಈ ಅಕ್ಷರ ನಾನು ಬಲ್ಲೆ.
ಕಪಾಟಿನ ನೆತ್ತಿ ನೋಡಿದೆ: ನಲವತ್ತೇಳು.

ಅಲ್ಲೇ ನೆಲದ ಮೇಲೆ ಕೂತು ನಕ್ಕೆ.
ಸ್ಕೇಟು ಹಿಡಿದಿದ್ದ ಹುಡುಗ ಅಮ್ಮನ ಹಿಂದೆ ಸರಿದ.
ನಗು ಮುಗಿದ ಮೇಲೆ ಇನ್ನೊಂದು ಬಂತು, ನಗುವಲ್ಲ.
ಪೂರಾ ಮರೆತು, ಪೂರಾ ಹೊಸದಾಗಿ,
ಅದನ್ನೇ ಮತ್ತೆ ಬಯಸಿದ್ದೆನಲ್ಲ.
ಸಾವಿರ ಸಾಮಾನಿನ ನಡುವೆ, ಅದೇ ಗುಂಡಿಗೆ ಸೋತು.
ಇದನ್ನು ರಾಕೆಲ್‌ಗೆ ಹೇಳಬೇಕು. ಅವಳು ಏನನ್ನುತ್ತಾಳೋ.

ಫೋಟೋ ತೆಗೆದೆ. ಭಾನುವಾರಕ್ಕೆ ಮೂರು ರಾತ್ರಿ.
ಕೌಂಟರಿನಲ್ಲಿ ಪೆನ್ನು ಕೇಳಿ ಪಡೆದು
ಹದಿನೆಂಟನ್ನು ಹೊಡೆದುಹಾಕಿ ಬರೆದೆ:
ಇಪ್ಪತ್ತೊಂದು.