ಮಂಡ್ಯದ ಸರ್ವರಿಗೆ ಇನ್ನೂ ಗೊತ್ತಿಲ್ಲ

ಮೈಸೂರಿನ ಹೆಬ್ಬಾಳದಲ್ಲಿ, ಎಸಿಗೆ ಸ್ವೆಟರು ಹಾಕಿಕೊಂಡು,
ಸೋಮವಾರವೇ ಅಳಿಸಿದೆ:
ದ್ಯಾವಣ್ಣ, ತೂಕದ ಮನೆ, ಮಂಡ್ಯ ಶಾಖೆ.
'ಖಚಿತವೇ?' ಎಂದಿತು.
ಖಚಿತ. ಮಣ್ಣಿಗೆ ನಾನೂ ಹೋಗಿದ್ದೆ.

ಹದಿನೈದು ನಿಮಿಷಕ್ಕೊಮ್ಮೆ ಇಲ್ಲಿಯದು ಅಲ್ಲಿಗೆ ತಲುಪಬೇಕು.
ಕಿರಂಗೂರಿನ ಹತ್ತಿರ ಮೋರಿ ಅಗೆಯುವ ಜೆಸಿಬಿ
ಕೇಬಲ್ಲು ತುಂಡರಿಸಿ ಮೂರು ದಿನ.

ಮಂಡ್ಯದ ಸರ್ವರಿಗೆ ಇನ್ನೂ ಗೊತ್ತಿಲ್ಲ.
ಅಲ್ಲಿ ಅವನಿಗೆ
ಕಬ್ಬಿನ ಲಾರಿ ಬಂದರೆ ತೂಗುವ ಅಧಿಕಾರವಿದೆ.
ಪಾಸ್‌ವರ್ಡು ಬದಲಿಸು ಎಂದಾಗೆಲ್ಲ
'ಎಮ್ಮೆ ಹೆಸ್ರು ಮಡಗಿವ್ನಿ ಕನವ್ವ, ಮರ್ಯಾಕಿಲ್ಲ'
ಅಂದವನು.

ಅಳಿಸಿದ ಹೆಸರು ತಕ್ಷಣ ಹೋಗುವುದಿಲ್ಲ,
ನೂರೆಂಬತ್ತು ದಿನ ಕಲ್ಲಾಗಿ ನಿಂತಿರುತ್ತದೆ
ತಡವಾಗಿ ಬಂದವರಿಗೆ ವಿಷಯ ತಿಳಿಸಲು.
ಆಮೇಲೆ ಕಲ್ಲೂ ಇಲ್ಲ.

ಗುರುವಾರ ಸಂಜೆ ಲೈನು ಬಂತು.
ಸುದ್ದಿ ಮುಟ್ಟುವ ಮೊದಲು ಅಲ್ಲಿಯ ದಾಖಲೆ ತೆರೆದೆ:
ಬುಧವಾರ, ಬೆಳಗಿನ ಆರು ಹನ್ನೆರಡು,
ದ್ಯಾವಣ್ಣ, ಲಾಗಿನ್,
ಮೂವತ್ತೊಂದು ಲಾರಿ.

ಆ ಎಮ್ಮೆಯ ಹೆಸರು
ತೂಕದ ಮನೆಯಲ್ಲಿ ಎಲ್ಲರಿಗೂ ಗೊತ್ತು.
ವರದಿಯಲ್ಲಿ ಬರೆಯಲಿಲ್ಲ.
ಇನ್ನು ಒಂಬತ್ತು ನಿಮಿಷ.
ಕಾಫಿಗೆ ಎದ್ದೆ.