ಮುಳುಗಡೆ

ಫಾರ್ಮಿನ ಹದಿನಾಲ್ಕನೇ ಪ್ರಶ್ನೆ:
'ನೀವು ಪೂರ್ತಿ ಮುಳುಗಿದಂತೆ ಅನಿಸಿತೇ?'
ಒಂದರಿಂದ ಐದು. ಯಾವುದಾದರೂ ಒಂದಕ್ಕೆ ಗುರುತು ಹಾಕಿ.

ಬಾಗಲಕೋಟೆ ನವನಗರ, ಮೂರನೇ ಮಹಡಿ, ವಿಆರ್ ಲ್ಯಾಬು.
ಪೆನ್ನು ಹಿಡಿದು ಕೂತಿದ್ದೇನೆ,
ಮೂಗಿನ ಮೇಲೆ ಇನ್ನೂ ಹೆಡ್‌ಸೆಟ್ಟಿನ ಕೆಂಪು ಬರೆ.
ತಸ್ಲೀಮಾ ಎಲ್ಲದಕ್ಕೂ ಐದು ಬರೆದು
ಕ್ಯಾಂಟೀನಿಗೆ ಹೋದಳು.
ವಾಕರಿಕೆ ಬಂದು ಗಿರಿಮಲ್ಲ ಎರಡಕ್ಕೇ ನಿಲ್ಲಿಸಿ
ಗೋಡೆಗೆ ಆತು ಕಣ್ಣು ಮುಚ್ಚಿದ್ದಾನೆ.

ನಾನೊಂದು ಹೃದಯದೊಳಗೆ ಹೋಗಿ ಬಂದೆ,
ನಿಂತ ನಿಲುವಿನಲ್ಲೇ, ಚಪ್ಪಲಿ ಹೊರಗೆ ಬಿಟ್ಟು.
ಕವಾಟಗಳು ಹಳೇ ವಾಡೆಯ ಬಾಗಿಲಿನಷ್ಟು ದೊಡ್ಡವು,
ತೆರೆದು ಬಡಿದು, ತೆರೆದು ಬಡಿದು.
ದಾಟುವಾಗ ತಲೆ ತಗ್ಗಿಸಿದೆ, ಅಭ್ಯಾಸಬಲ.
ಎಲ್ಲರೂ ನಕ್ಕರಂತೆ.

ಹೊಲಿಗೆ ಹಾಕುವಾಗ ಮಾತ್ರ
ದಾರಕ್ಕೆ ಭಾರವಿರಲಿಲ್ಲ.
ಗುಳೇದಗುಡ್ಡದಲ್ಲಿ ಮಗ್ಗದ ಮುಂದೆ ಅವ್ವ
ಹರಿದ ಎಳೆಯನ್ನು ಕಣ್ಣಿಂದ ಹುಡುಕುವುದಿಲ್ಲ,
ಎಲ್ಲಿ ಸಡಿಲಾಯಿತೆಂದು ಬೆರಳಿಗೇ ಗೊತ್ತು.
ನನ್ನ ಬೆರಳು ಗಾಳಿಯಲ್ಲಿ ಅದನ್ನೇ ತಡಕಾಡಿತು.

ಆದರೂ ಸುಳ್ಳೇಕೆ ಹೇಳಲಿ,
ಆ ರೋಗಿ ಏಳು ಸಲ ಸತ್ತ ನನ್ನ ಕೈಯಲ್ಲಿ.
ಎಂಟನೇ ಸಲ ಬದುಕಿದ.
ಏಳು ಸಲವೂ ಬಾಗಿಲ ಹೊರಗೆ
ಬುತ್ತಿಗಂಟು ಹಿಡಿದು ಯಾರೂ ಕೂತಿರಲಿಲ್ಲ.
ಇದಕ್ಕೆ ಐದು ಕೊಡಬೇಕು. ಕೊಟ್ಟೆ.

ಯಮನೂರಪ್ಪ ಕಾಕಾ ಒಂದೊಂದೇ ಹೆಡ್‌ಸೆಟ್ಟು ಎತ್ತಿ
ಸ್ಪಿರಿಟ್ಟಿನ ಹತ್ತಿಯಿಂದ ಒರೆಸುತ್ತಿದ್ದಾರೆ.
ಮೊನ್ನೆಮೊನ್ನೆಯವರೆಗೆ ಕೆಳಮಹಡಿಯಲ್ಲಿ
ಹೆಣಗಳ ಮುಖ ಒರೆಸಿದ ಕೈ.
'ಏನವ್ವಾ, ಒಂದ ಸಾಲಿಗೆ ಇಷ್ಟೊತ್ತು?'
ಪ್ರಶ್ನೆ ಓದಿ ಹೇಳಿದೆ.

'ಮುಳುಗಿದ್ರೇನು ಅಂತ ಕೇಳ್ಯಾರ?'
ಹತ್ತಿ ನಿಂತಿತು.
'ಹಳೇ ಊರಾಗ ಹೊಳಿ ಕಡೆ ಇತ್ತು ನಮ್ಮನಿ.
ನಮಗೂ ಒಂದು ಫಾರ್ಮು ಬಂದಿತ್ತು.
ಎಷ್ಟು ಅಂಕಣ, ಎಷ್ಟು ತೊಲಿ, ಬಾಗಲಾ ಎಷ್ಟು,
ಹಿತ್ತಲಾಗ ಬೇವಿನ ಗಿಡ ಎಷ್ಟು,
ಎಲ್ಲಾ ಬರಕೊಂಡ್ರು.
ಹೆಂಗ ಅನಿಸ್ತು ಅಂತ ಕೇಳೂ ಕಾಲಮ್ಮು ಇದ್ದಿದ್ದಿಲ್ಲ.'

ಒಮ್ಮೆ ಹಾಕಿಕೊಳ್ಳಿ ಕಾಕಾ, ಎಂದೆ.
ಬ್ಯಾಡ ಬ್ಯಾಡ ಅನ್ನುತ್ತಲೇ ಟೋಪಿ ತೆಗೆದು
ಮೇಜಿನ ಮೇಲಿಟ್ಟರು.
ಪಟ್ಟಿ ಬಿಗಿದೆ. ಹೃದಯ ಶುರು ಮಾಡಿದೆ.

ಬಹಳ ಹೊತ್ತು ಮಾತಿಲ್ಲ.
ಆಮೇಲೆ ನಿಧಾನ ಬಗ್ಗಿ
ಖಾಕಿ ಪ್ಯಾಂಟನ್ನು
ಮೊಣಕಾಲ ತನಕ ಮಡಿಚಿಕೊಂಡರು.