ಮಂಗಳವಾರದ ನೆಲ

ನಾಲ್ಕೂವರೆಗೆ ಅವರೆಲ್ಲ ಹೋದ ಮೇಲೆ
ಕೋಣೆ ನನ್ನದು.
ಬಕೆಟ್ಟು, ಬಟ್ಟೆ, ಬಿಸಿನೀರು.
ತಾರ್ತುವಿನ ಈ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ
ರಕ್ತ ಒರೆಸಿದ್ದೇನೆ, ವಾಂತಿ ಒರೆಸಿದ್ದೇನೆ,
ಬೀಟ್‌ರೂಟು ಒರೆಸುವುದು ಮಾತ್ರ
ಈ ಚಳಿಗಾಲದಿಂದ.

ಇಲ್ಲಿ ಮೇಜಿಲ್ಲ. ನೆಲಕ್ಕೇ ಹಾಸಿದ ಪ್ಲಾಸ್ಟಿಕ್ಕು,
ನಡುವೆ ಬಟ್ಟಲುಗಳು,
ಸುತ್ತ, ಊಟವೆಂದರೆ ಹೆದರುವ ಐದು ಮಕ್ಕಳು.
ದೊಡ್ಡವರಿಗೆಂದು ಗೋಡೆಗೆ ಕಟ್ಟಳೆ ಅಂಟಿಸಿದೆ:
'ತಿನ್ನು' ಅನ್ನಕೂಡದು.
'ಒಂದೇ ತುತ್ತು, ಅಮ್ಮನಿಗೋಸ್ಕರ' ಅಂತೂ
ಅನ್ನಲೇಕೂಡದು.

ಹೆಸರು ನನಗೆ ಯಾರೂ ಹೇಳಿಲ್ಲ.
ಕೋಟಿನ ಗೂಟಗಳ ಮೇಲೆ ಬರೆದಿದೆ:
ಉಕು, ಲೇಲೊ, ರಾಸ್ಮುಸ್, ಹಿಲ್ಲೆ, ತಾನೆಲ್.
ಮಿಕ್ಕಿದ್ದನ್ನು ನೆಲ ಹೇಳುತ್ತದೆ.

ಕಿಟಕಿಯ ಕಡೆ ಸಾಲಾಗಿ ಹದಿನೇಳು ಬಟಾಣಿ,
ರೈಲಿನ ಹಾಗೆ: ಇದು ರಾಸ್ಮುಸ್.
ಬಿಳಿಯದಲ್ಲದ್ದನ್ನು ಮುಟ್ಟದವನು
ಹಸಿರಿಗೆ ಹಳಿ ಹಾಕಿದ್ದಾನೆ.
ಮೂಲೆಯಲ್ಲಿ, ಯಾರೂ ಕೂತೇ ಇಲ್ಲವೆಂಬಷ್ಟು
ಚೊಕ್ಕ ಜಾಗ: ಇದು ಲೇಲೊ.
ಯಾರ ಮೊಣಕೈಯೂ ತಾಗಬಾರದು, ಯಾರ ಚಮಚವೂ.
ಆ ಚೊಕ್ಕ ಜಾಗ ಈಚೆಗೆ
ವಾರಕ್ಕೊಂದು ಗೇಣು, ಅರ್ಧ ಗೇಣು
ನಡುವಿಗೆ ಸರಿಯುತ್ತಿದೆ.
ನಾನಲ್ಲದೆ ಯಾರು ಅಳೆದಾರು?
ನನ್ನ ಮಾಪಿನ ಅಗಲ ಎರಡು ಗೇಣು.

ಉಕುವಿನ ಮೂಗಿನಲ್ಲಿ ನಳಿಗೆ,
ಕೆನ್ನೆಗೆ ಅಂಟಿಸಿದ ಪಟ್ಟಿಯ ಮೇಲೆ ಕರಡಿ.
ಆರೇ ತಿಂಗಳಿಗೆ ಹುಟ್ಟಿದವನಂತೆ.
ಹಸಿವಿಗೂ ಅವನಿಗೂ ಪರಿಚಯವೇ ಆಗಿಲ್ಲ,
ಹೊಟ್ಟೆ ಕರೆಯುವ ಮೊದಲೇ ಹಾಲು ಬಂದು ಕೂರುತ್ತದೆ
ಕದ ತಟ್ಟದ ನೆಂಟನ ಹಾಗೆ.
ಬಾಯಿ ಅವನಿಗೆ ಕೂಗುವುದಕ್ಕೆ, ಊದುವುದಕ್ಕೆ.

ನಾನು ಬೆಳೆದ ಮನೆಯಲ್ಲಿ
ಕಪ್ಪು ರೊಟ್ಟಿ ನೆಲಕ್ಕೆ ಬಿದ್ದರೆ
ಎತ್ತಿ ಮುತ್ತಿಟ್ಟು ತಿನ್ನಬೇಕಿತ್ತು.
ಸೈಬೀರಿಯಾದಿಂದ ಜೀವಂತ ಬಂದವಳು ನನ್ನ ಅಜ್ಜಿ,
ಚೂರು ಬಿಟ್ಟರೆ ಮಾತು ಬಿಡುತ್ತಿದ್ದಳು.
ಮೊದಲ ಮಂಗಳವಾರ ಇದನ್ನೆಲ್ಲ ಗುಡಿಸುವಾಗ
ಸಿಟ್ಟಿಗೆ ಕೈ ನಡುಗಿತು.
ಮೊಸರಿನಲ್ಲಿ ಕಾರು ಓಡಿಸಿದ್ದರು!
ಡಾಕ್ಟರು ಪಿರೆತ್‌ಗೆ ಅಂದೂಬಿಟ್ಟೆ.
ಆಕೆ ಬಗ್ಗಿ ಒಂದು ತುಂಡು ಎತ್ತಿ ತೋರಿಸಿದಳು:
ರೊಟ್ಟಿಯ ಅಂಚಿನಲ್ಲಿ ನಾಲ್ಕು ಹಲ್ಲಿನ ಗುರುತು.
ನುಂಗಿದ್ದಲ್ಲ. ಕಚ್ಚಿ ಉಗಿದದ್ದು.
'ಹಿಲ್ಲೆಯದು' ಅಂದಳು.
ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡಳು.

ಅಂದಿನಿಂದ ನೋಡಿ ಒರೆಸುತ್ತೇನೆ.

ಈ ಹೊತ್ತು ಹಿಮ ಬಿದ್ದು ಬಸ್ಸುಗಳು ತಡ.
ನಾನು ಬಂದಾಗ ಉಕು ಇನ್ನೂ ಇದ್ದ,
ಒಂದೇ ಕಾಲಿಗೆ ಬೂಟು.
ಅವನಮ್ಮ ಹೊರಗೆ ಫೋನಿನಲ್ಲಿ.
ನನ್ನ ಬಕೆಟ್ಟು ನೋಡಿದ, ನನ್ನ ಮುಖ ನೋಡಿದ,
ಪ್ಲಾಸ್ಟಿಕ್ಕಿನ ಮಡಿಕೆಯಿಂದ ಹೆಕ್ಕಿ
ಜಜ್ಜಿಹೋದ ಕಾಡಿನ ನೀಲಿಹಣ್ಣೊಂದನ್ನು
ನನ್ನ ತುಟಿಗೇ ಹಿಡಿದ.
'ತಿನ್ನು' ಅಂದ.

ಗೋಡೆಯ ಮೇಲಿನದ್ದು ಅವನಿಗೆ ಓದಲು ಬಾರದು.

ತಿಂದೆ. ನೆಲದ್ದು, ಹೌದು.
ಹಣ್ಣು ಎಲ್ಲಿ ಹೋಯಿತೆಂದು
ನನ್ನ ಬಾಯೊಳಗೆ ಇಣುಕಿದ,
ಬಾವಿಗೆ ಇಣುಕುವವರ ಹಾಗೆ, ಗದ್ದಕ್ಕೆ ಕೈಕೊಟ್ಟು.
ಆಮೇಲೆ ಆ ನೀಲಿ ಬೆರಳು
ಅವನ ಕೆಳತುಟಿಗೂ ಒಮ್ಮೆ ತಾಗಿತು.
ತುರಿಕೆಗೋ ಏನೋ.

ಇನ್ನೊಂದು ಬೂಟು ರೇಡಿಯೇಟರಿನ ಕೆಳಗಿತ್ತು.